ಜೇಬಿನ ಚಾಕು, ಊರಿನ ಚಾಕು

ಕಡೂರು ಸೀಮೆಯಲ್ಲಿ ಜೇಬಿನೊಳಗೆ ಮಡಿಚುವ ಚಾಕು ಇಟ್ಟುಕೊಂಡವನಿಗೆ ಅದು ತನ್ನದೆನ್ನುವ ಭ್ರಮೆ ಬಹಳ ದಿನ ಉಳಿಯುವುದಿಲ್ಲ. ಈರುಳ್ಳಿ ಚೀಲದ ಹುರಿ ಕತ್ತರಿಸಬೇಕಾದವರು, ತೆಂಗಿನ ಬುಡದಲ್ಲಿ ಡ್ರಿಪ್ ಪೈಪು ತುಂಡು ಮಾಡಬೇಕಾದವರು, ಬಸ್ಸಿನ ಪಕ್ಕದ ಸೀಟಿನಲ್ಲಿ ಸೌತೆಕಾಯಿ ಹಿಡಿದು ಕೂತವರು, ಎಲ್ಲರಿಗೂ ಹೇಗೋ ಸುಳಿವು ಸಿಕ್ಕಿರುತ್ತದೆ. "ಅಣ್ಣ, ಚಾಕು ಐತಂತಲ್ಲ, ಒಂಚೂರು ಕೊಡಿ." ಕೈಗೆ ಕೈ ಕೊಟ್ಟರೆ ಜಗಳವಾಗುತ್ತದೆಂದು ಕಟ್ಟೆಯ ಮೇಲೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಜಗಳ ಆಗುವುದು ಅದಕ್ಕಲ್ಲ, ವಾಪಸು ಕೇಳುವಾಗ.

ಹೀಗಾಗಿ ಚಾಕಿಗೆ ಚೆಂದ ಮುಖ್ಯವೋ ಕೆಲಸ ಮುಖ್ಯವೋ ಎಂದು ಚರ್ಚಿಸುವವರನ್ನು ಕಂಡರೆ ಇವರು ಯಾರಿಗೂ ಚಾಕು ಕೊಟ್ಟವರಲ್ಲ ಅನ್ನಿಸುತ್ತದೆ. ನಮ್ಮ ಕಡೆ ನೋಡಬೇಕಾದ ಗುಣ ಒಂದೇ. ಹೋದದ್ದು ತಿರುಗಿ ಬರುತ್ತದೋ ಇಲ್ಲವೋ?

ಜಾತ್ರೆಯಲ್ಲಿ ಸಿಗುವ ಹಿತ್ತಾಳೆಯ ಮೀನು ಚಾಕನ್ನೇ ತೆಗೆದುಕೊಳ್ಳಿ. ಮೈತುಂಬ ಪೊರೆ ಕೊರೆದಿರುತ್ತಾರೆ, ಕಣ್ಣಿಗೊಂದು ಕೆಂಪು ಚುಕ್ಕಿ. ಬಾಲ ತೊಡೆಗೆ ಚುಚ್ಚುತ್ತದೆ. ಕೈ ಒದ್ದೆಯಾದರೆ ನಿಜವಾದ ಮೀನಿನಂತೆಯೇ ಜಾರುತ್ತದೆ. ಅಲಗಿನ ಮೇಲೆ ಉಗುರು ಸಿಗಿಸಲು ಒಂದು ಗೀರು ಉಂಟು, ಆದರೆ ಒಳಗಿನ ಸ್ಪ್ರಿಂಗು ಎಷ್ಟು ಬಿಗಿ ಎಂದರೆ ತೆಂಗಿನಕಾಯಿ ಸುಲಿದು ಸವೆದ ಉಗುರಿಗೆ ಅದು ಬಗ್ಗುವುದಿಲ್ಲ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು; ಅಷ್ಟು ಮಾಡುವವರು ಹುರಿಯನ್ನೇ ಕಚ್ಚಬಹುದಿತ್ತು. ಆದರೂ ಕೊಂಡು ಬಂದ ಮೀನು ನನ್ನ ಜೇಬಿನಲ್ಲಿ ಒಂದು ಅಮಾವಾಸ್ಯೆ ಕೂಡ ಕಾಣಲಿಲ್ಲ. ಒಬ್ಬರು ನೋಡಲು ಕೇಳಿದರು, ಅವರಿಂದ ಇನ್ನೊಬ್ಬರು ನೋಡಲು ಕೇಳಿದರು. ಈಗ ಅದು ನೆಂಟರೊಬ್ಬರ ಶೋಕೇಸಿನಲ್ಲಿ, ಬೊಂಬೆ ಮತ್ತು ಕಬಡ್ಡಿ ಕಪ್ಪಿನ ನಡುವೆ ಈಜುತ್ತಿದೆ.

ತರೀಕೆರೆಯ ನಮ್ಮ ಭಾವನದು ಬೇರೆಯೇ ಕಥೆ. ಅವರ ಮಗ ಪರದೇಶದಿಂದ ಒಪಿನೆಲ್ ತಂದುಕೊಟ್ಟ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ರೈತರ ಚಾಕು: ಬೀಚ್ ಮರದ ಹಿಡಿ, ತೆಳು ಅಲಗು, ತಿರುಗಿಸಿದರೆ ಬೀಗವಾಗುವ ಉಕ್ಕಿನ ಉಂಗುರ. ನೋಡಲೂ ಚೆಂದ, ಕೆಲಸಕ್ಕೂ ಸೈ. ಬೇಸಿಗೆಯಲ್ಲಿ ಕಡೂರಿಗೆ ಬಂದಾಗ ಭಾವ ಬೆರಳ ತುದಿಯಲ್ಲಿ ಅದನ್ನು ಬಿಚ್ಚಿ ತೋರಿಸಿ ನನ್ನ ಹೊಟ್ಟೆ ಉರಿಸಿದರು. ಮುಂಗಾರು ಹಿಡಿದ ಮೇಲೆ ಲಿಂಗದಹಳ್ಳಿ ಕಡೆಯ ತೋಟಕ್ಕೆ ಹೋದೆವು. ಮರ ನೀರು ಕುಡಿದು ಊದಿಕೊಂಡು ಅಲಗನ್ನು ಕಚ್ಚಿಕೊಂಡಿತ್ತು. ಭಾವ ಹಿಡಿಯನ್ನು ಕಲ್ಲಿಗೆ ಕುಟ್ಟಿದರು, ಒಲೆಯ ಹತ್ತಿರ ಹಿಡಿದರು, ಫ್ರೆಂಚರನ್ನು ಬೈದರು. ಬಯಲುಸೀಮೆ ಮುಗಿದು ಮಲೆನಾಡು ಎಲ್ಲಿ ಶುರುವಾಗುತ್ತದೆಂದು ನಕಾಶೆ ನೋಡುವುದು ಬೇಡ, ಈ ಚಾಕು ಸಾಕು. ಅದರ ಮೇಲೆ ಅಲಗು ಕಾರ್ಬನ್ ಉಕ್ಕಿನದು. ಹಸಿ ಅಡಿಕೆಯ ಚೊಗರು ತಾಗಿ ಎರಡೇ ದಿನಕ್ಕೆ ಕರ್ರಗಾಯಿತು. ಹರಿತ ಮಾತ್ರ ಹಾಗೇ ಇತ್ತು, ಆದರೆ ಅಕ್ಕ ಅದರಲ್ಲಿ ಮಾವಿನಹಣ್ಣು ಹೆಚ್ಚಲು ಬಿಡಲಿಲ್ಲ.

ಇನ್ನು ಸ್ವಿಸ್ ಚಾಕು. ಆ ದೇಶದ ಸೈನಿಕರ ಚಾಕಿಗೆ ರೈಫಲ್ ಬಿಚ್ಚಲು ಸ್ಕ್ರೂಡ್ರೈವರ್ ಇತ್ತು. 1897ರಲ್ಲಿ ಅಧಿಕಾರಿಗಳದಕ್ಕೆ ವೈನ್ ಬಾಟಲಿಯ ಬಿರಡೆ ಕೀಳುವ ತಿರುಪೂ ಸೇರಿತು. ಸೈನಿಕನಿಗೆ ಬಂದೂಕು, ಅಧಿಕಾರಿಗೆ ಬಾಟಲಿ, ಯಾವ ದೇಶವಾದರೇನು. ಬಿರಡೆಯ ಬಾಟಲಿ ಕಾಣದ ನಮ್ಮೂರಿನಲ್ಲಿ ಆ ತಿರುಪು ಎತ್ತಿನ ಹಗ್ಗದ ಒದ್ದೆ ಗಂಟು ಬಿಡಿಸಲು ಅದ್ಭುತವಾಗಿ ಒದಗಿತು.

ಎತ್ತೆಂದಾಗ ಅಜ್ಜಂಪುರ ಬಿಡಲಾದೀತೇ? ಅಲ್ಲಿಯ ಅಮೃತ್ ಮಹಲ್ ತಳಿಕೇಂದ್ರದ ದನಗಳ ಕೊಂಬು ಹಿಂದಕ್ಕೆ ಬಾಗಿ ಮೊನೆಯಾಗಿರುವುದನ್ನು ಕಂಡವರು ಒಂದು ಕ್ಷಣ ನಿಲ್ಲುತ್ತಾರೆ, ದನ ತಲೆ ಎತ್ತಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೊದಲು ಬೆಣ್ಣೆ ಚಾವಡಿ ಎನ್ನುತ್ತಿದ್ದ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹೆಸರು ಕೇಳಿ ಚೊಂಬು ಹಿಡಿದು ಹೋದರೆ ಹಾಲು ಅಷ್ಟಕ್ಕಷ್ಟೆ. ಫಿರಂಗಿ ಎಳೆಯುವುದರಲ್ಲಿ ಮಾತ್ರ ಎತ್ತುಗಳಿಗೆ ಸಾಟಿಯಿರಲಿಲ್ಲ. ರೂಪ ನೋಡಿ ಮನಸೋತರೂ ಮೋಸವಾಗದ ಪ್ರಕರಣ ನನಗೆ ತಿಳಿದಂತೆ ಇದೊಂದೇ. ಇವನ್ನು ಯಾರೂ ಒಂಚೂರು ಕೊಡಿ ಎನ್ನುವುದಿಲ್ಲ ಎಂಬುದೂ ಗಮನಾರ್ಹ.

ಚೆಂದವೂ ಬೇಡ, ಹರಿತವೂ ಬೇಡ ಎನ್ನುವ ಕೆಲಸವೊಂದಿದೆ. ಬಾಣಂತಿಯ ದಿಂಬಿನಡಿ ಇಡಲು ಅಜ್ಜಿ ಚಾಕು ಕೇಳಿದರು. ನನ್ನ ಹೊಳೆಯುವ ಸ್ವಿಸ್ ಚಾಕು ಕೊಟ್ಟೆ. ಅಜ್ಜಿ ತಿರುಗಿಸಿ ನೋಡಿ, "ಇದು ಕಬ್ಬಿಣನೇನೋ?" ಎಂದರು. ಸ್ಟೇನ್‌ಲೆಸ್ ಸ್ಟೀಲ್ ಎಂದೆ. "ಸ್ಟೀಲಿಗೆಲ್ಲಾ ಗಾಳಿ ಹೆದರ್ತದೇನೋ? ಲೋಟ ಇಟ್ಟಂಗೆ ಆಯ್ತು," ಎಂದು ಹಿಂದಕ್ಕೆ ಕೊಟ್ಟು, ಅಟ್ಟದಿಂದ ತುಕ್ಕು ಹಿಡಿದ ಮೊಂಡು ಕುಡುಗೋಲು ಇಳಿಸಿದರು.

ಈಗ ನನ್ನ ಜೇಬಿನಲ್ಲಿರುವುದು ಕಪ್ಪು ಪ್ಲಾಸ್ಟಿಕ್ ಹಿಡಿಯ ಚಾಕು. ಹಿಡಿ ಬಿರುಕು ಬಿಟ್ಟ ಕಡೆ ಎಲೆಕ್ಟ್ರಿಷಿಯನ್ ಟೇಪು ಸುತ್ತಿದೆ, ಬೇಸಿಗೆಯಲ್ಲಿ ಅದರ ಅಂಟು ಕರಗಿ ಜೇಬಿನ ಚಿಲ್ಲರೆಯೆಲ್ಲ ಹಿಡಿಗೆ ಮೆತ್ತಿಕೊಳ್ಳುತ್ತದೆ. ಯಾರಿಗೂ ಇದನ್ನು ಇಟ್ಟುಕೊಳ್ಳುವ ಆಸೆ ಹುಟ್ಟಿಲ್ಲ. ಬೀರೂರಿನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದಲ್ಲ, ಎರಡೂ ದಿಕ್ಕಿಗೆ ಹೋಗಿ ಬಂದಿದೆ ಈ ಚಾಕು. ಕಳೆದ ಸಲ ತಂದುಕೊಟ್ಟ ಹುಡುಗ ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತ.

"ಏನಪ್ಪಾ?"

"ಮೊಂಡಾಗಿತ್ತಣ್ಣ. ಸಾಣೆ ಹಿಡಿಸಿದೀನಿ. ಇಪ್ಪತ್ತು ರೂಪಾಯಿ ಆಯ್ತು."