ಕಾಲೆತ್ತುವ ಕರೆಂಟ್ ಯಂತ್ರದ ಸನ್ನಿಧಿಗೆ

ಸದಾಶಿವ ಪೇಠ, ಪುಣೆ

ಮಹಾರಾಜಶ್ರೀ ಯಂತ್ರ ಸಾಹೇಬರಿಗೆ, ಧಾರವಾಡದಿಂದ ಬಂದು ಇಲ್ಲಿನ ಹಳೇ ವಾಡೆಯೊಂದರಲ್ಲಿ ನೆಲೆನಿಂತಿರುವ ಎಡಗಾಲಿನ ಮಾಲೀಕ ಮಾಡುವ ಅರ್ಧ ಸಾಷ್ಟಾಂಗ ನಮಸ್ಕಾರಗಳು. ಉಳಿದರ್ಧ ಅಂಗಗಳು ಲಕ್ವಾ ಹೊಡೆದಂದಿನಿಂದ ಬಾಗಲು ಒಪ್ಪುತ್ತಿಲ್ಲ, ಕ್ಷಮೆಯಿರಲಿ.

ತಮ್ಮ ಮನೆತನ ದೊಡ್ಡದು. ಈ ಪೇಠಕ್ಕೆ ಹೆಸರಾದ ಸದಾಶಿವರಾವ್ ಭಾವು ಪಾಣಿಪತ್ತಿನಲ್ಲಿ ಬಿದ್ದದ್ದು 1761ರಲ್ಲಿ. ಸರಿಯಾಗಿ ಇನ್ನೂರು ವರ್ಷಕ್ಕೆ, 1961ರಲ್ಲಿ, ಲಿಬರ್ಸನ್ ಎಂಬ ವೈದ್ಯರು ಮತ್ತವರ ಸಂಗಡಿಗರು ಬಿದ್ದ ಪಾದವನ್ನು ಎತ್ತುವ ತಮ್ಮ ಮೂಲಪುರುಷನನ್ನು ಲೋಕಕ್ಕೆ ಪರಿಚಯಿಸಿದರು. ಹಿಮ್ಮಡಿಯ ಕೆಳಗೊಂದು ಸ್ವಿಚ್, ಮೊಣಕಾಲಿನ ಕೆಳಗೆ ಹೊರಬದಿಗೆ ಪ್ಯಾಡ್. ಹಿಮ್ಮಡಿ ನೆಲ ಬಿಟ್ಟರೆ ಕರೆಂಟ್, ಊರಿದರೆ ಬಂದ್. ಮೆದುಳು ಕಳಿಸಲಾರದ ಹುಕುಮನ್ನು ತಾವು ನರಕ್ಕೆ ತಲುಪಿಸುತ್ತೀರಿ. ಬೆರಳು ನೆಲ ಕೆರೆಯದೆ ಪಾದ ಮೇಲೇಳುತ್ತದೆ. ಈ ಉಪಕಾರ ಮರೆಯಲುಂಟೆ? ಮರೆಯುತ್ತೇನೆಂದರೂ ತಿಂಗಳ ಕಂತು ಬಿಡುವುದಿಲ್ಲ.

ಒಂದು ನಮ್ರ ವಿನಂತಿ. ಸ್ವಿಚ್ ಇರುವುದು ಬೂಟಿನೊಳಗೆ, ಬೂಟು ಇರುವುದು ಹೊಸ್ತಿಲಿನಾಚೆ. ನಾನು ಎಡವುವುದೋ ಆ ಹೊಸ್ತಿಲಲ್ಲೇ. ದೇವರ ಕೋಣೆ, ಬಚ್ಚಲಿನ ಕಟ್ಟೆ, ಅಡುಗೆಮನೆಯ ಬಾಗಿಲು, ಹೀಗೆ ಕಾಲು ಎತ್ತಲೇಬೇಕಾದಲ್ಲೆಲ್ಲ ತಾವು ಮಡಿ ಕಾಪಾಡಿಕೊಂಡು ಹೊರಗೇ ಉಳಿಯುತ್ತೀರಿ. ಬೂಟುಗಾಲಲ್ಲೇ ಅಡುಗೆಮನೆ ಹೊಗುವ ದೇಶಗಳಲ್ಲಿ ಹುಟ್ಟಿದವರಿಗೆ ನಮ್ಮ ಆಯಿಯ ಬಾಯಿ ಗೊತ್ತಿರಲಿಕ್ಕಿಲ್ಲ. ಸ್ವಿಚ್ಚಿನ ಹಂಗಿಲ್ಲದೆ, ಕಾಲಿನ ಓರೆ ನೋಡಿಯೇ ಎತ್ತುವ ತಮ್ಮ ತಮ್ಮಂದಿರೂ ಇದ್ದಾರೆ. ಅವರ ಬೆಲೆ ಕೇಳಿದ ದಿನ ನನ್ನ ಬಲಗಾಲೂ ನಡುಗಿತು.

ಪ್ಯಾಡಿನ ಸೇವೆಯ ಭಾಗ್ಯ ನನ್ನಾಕೆಯದು. ಬೆರಳಗಲ ತಪ್ಪಿದರೂ ಪಾದ ಮೇಲೇಳುವ ಬದಲು ಹೊರಕ್ಕೆ ಹೊರಳುತ್ತದೆ. ದೇವರ ಹಣೆಗೆ ಗಂಧ ಇಡುವಾಗಲೂ ಆಕೆ ಇಷ್ಟು ನಿಖರವಾಗಿ ಜಾಗ ಹುಡುಕಿದವಳಲ್ಲ. ಬೆವರಿದರೆ ಅಂಟು ಬಿಟ್ಟಿತು, ಹೊಸದು ತನ್ನಿ. ತಾವು ಎತ್ತಿದ ಸ್ನಾಯು ತಾನಾಗಿ ಎದ್ದದ್ದಕ್ಕಿಂತ ಬೇಗ ದಣಿಯುತ್ತದೆಂದು ಫಿಸಿಯೋ ಬಾಯಿಯವರು ಆಮೇಲೆ ಹೇಳಿದರು. ಆಮೇಲೆ ಅಂದರೆ, ಕೊಂಡ ಮೇಲೆ.

ಟಿಳಕ ರಸ್ತೆಯಲ್ಲಿ ಸಿಗ್ನಲ್ ಕಾಯುತ್ತ ಭಾರವನ್ನು ಬಲಗಾಲಿಗೆ ಹಾಕಿದರೆ ಸಾಕು, ಎಡ ಹಿಮ್ಮಡಿ ಹಗುರಾಗಿ ಪಾದ ಚಂಗನೆ ಏಳುತ್ತದೆ. ಫುಟ್‌ಪಾತ್ ಏರಿ ಬಂದ ಸ್ಕೂಟರಿಗೆ ತಾಗುತ್ತದೆ. ಈ ಒಂದು ಸೇವೆಯ ಬಗ್ಗೆ ನನ್ನ ದೂರಿಲ್ಲ.

ತಮ್ಮನ್ನೂ ಕಣಕಾಲಿಗೆ ಕಟ್ಟುವ ಬಡ ಪ್ಲಾಸ್ಟಿಕ್ ಪಟ್ಟಿಯನ್ನೂ ಜೊತೆಗಿಟ್ಟು ನೋಡಿದ ದೊಡ್ಡ ಪರೀಕ್ಷೆಗಳಲ್ಲಿ ನಡಿಗೆಯ ವೇಗ ಹೆಚ್ಚುಕಡಿಮೆ ಒಂದೇ ಬಂತು. ಮೆಚ್ಚುಗೆ ಮಾತ್ರ ತಮಗೇ ಹೆಚ್ಚು ಸಂದಿತು. ಸಹಜ, ಶ್ರೀಮಂತರ ಸಹವಾಸ ಯಾರಿಗೆ ಬೇಡ?

ವಾಡೆಯ ಕಡಿದಾದ ಮರದ ಮೆಟ್ಟಿಲಲ್ಲಿ ಸೊಂಟ ಎತ್ತುವುದು, ಮೊಣಕಾಲು ಮಡಚುವುದು ತಮ್ಮ ಇಲಾಖೆಯಲ್ಲ, ಅದು ನನ್ನ ಬೆವರು. ಆದರೆ ಮೇಲೆ ತಲುಪಿದಾಗ ನೆರೆಯವರು ನನ್ನ ಕಡೆ ನೋಡದೆ ತಮ್ಮ ಕಡೆ ಬಾಗಿ, "ಮಶೀನ್ ಭಾರಿ ಆಹೇ ಹಾ!" ಎನ್ನುತ್ತಾರೆ. ನಾನೂ ತಲೆದೂಗುತ್ತೇನೆ. ಕುತ್ತಿಗೆಗೆ ಕರೆಂಟ್ ಬೇಕಿಲ್ಲ.

ಇಂತಿ ತಮ್ಮ ವಿಧೇಯ,
ಎಡಗಾಲಿನ ಮಾಲೀಕ

ತಾ.ಕ.: ಮಧ್ಯಾಹ್ನ 1ರಿಂದ 4ರವರೆಗೆ ಈ ಪೇಠದಲ್ಲಿ ಅಂಗಡಿಯವರೂ ಬಾಗಿಲು ಹಾಕಿ ಮಲಗುತ್ತಾರೆ. ಬ್ಯಾಟರಿ ಇಳಿಯಿತೆಂದು ತಾವು ಆ ಹೊತ್ತಿನಲ್ಲಿ ಕೀಂಗುಡಬಾರದೆಂದು ಕೋರಿಕೆ. ಕೆಳಮನೆಯವರು ಆಗಲೇ ಫಲಕ ಬರೆಸಲು ಹೋಗಿದ್ದಾರೆ.