ಮಂಡಿಯೊಳಗಿನ ಕ್ಷೌರ

ಎಡ ಮಂಡಿ ಆಗಾಗ ಊದಿಕೊಳ್ಳುತ್ತಿತ್ತು. ನಾನು ಎಲ್ಲೂ ಬಿದ್ದವನಲ್ಲ, ಓಡುವ ಚಪಲವಂತೂ ಹುಟ್ಟಿನಿಂದಲೇ ಇಲ್ಲ. ಸೂಜಿ ಹಾಕಿ ನೀರು ತೆಗೆದರೆ ಕೆಂಪುಗಂದು ಬಣ್ಣದ್ದು ಬಂತು. ಎಂಆರ್‌ಐ ಆಯಿತು. ಡಾಕ್ಟರು ಪರದೆಯ ಮೇಲಿನ ಕಪ್ಪು ಮಚ್ಚೆಗಳಿಗೆ ಬೆರಳಿಟ್ಟು, ‘ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್. ಅಪರೂಪದ್ದು’ ಎಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಅಲ್ಲಿಯವರೆಗೆ ನನ್ನದು ಎನ್ನುವ ಯಾವುದನ್ನೂ ಯಾರೂ ಅಪರೂಪ ಎಂದಿರಲಿಲ್ಲ.

ಕೀಲಿನ ಒಳಪೊರೆ ಗಂಟುಗಂಟಾಗಿ, ಎಳೆಎಳೆಯಾಗಿ ಬೆಳೆಯುತ್ತದಂತೆ. ಅದರಿಂದ ರಕ್ತ ಒಸರಿ, ರಕ್ತದ ಕಬ್ಬಿಣ ಅಲ್ಲೇ ಕೂತು ಕಂದು ಬಣ್ಣ ಬರುತ್ತದೆ. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಮೂಳೆಯನ್ನೂ ಕೊರೆದೀತು.

‘ಕಬ್ಬಿಣ ಕಡಿಮೆ ಅಂತ ಅಷ್ಟು ಮಾತ್ರೆ ನುಂಗಿದ್ರಲ್ಲ, ಎಲ್ಲಾ ಮಂಡೀಲಿ ತುಕ್ಕು ಹಿಡೀತಿತ್ತಾ?’ ಎಂದಳು ಹೆಂಡತಿ. ಡಾಕ್ಟರು ನಕ್ಕುಬಿಟ್ಟರು. ಕಾಯಿಲೆಯ ಗಾಂಭೀರ್ಯಕ್ಕೆ ಅದೇ ಮೊದಲ ಏಟು.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ನುಣ್ಣಗೆ ಬೋಳಿಸಿದ ಕಾಲೊಂದನ್ನು ನರ್ಸ್ ಎತ್ತಿ ಹಿಡಿದದ್ದು ಕಂಡು, ಪಾಪ, ಯಾರದೋ ಎಂದುಕೊಂಡೆ. ನನ್ನದೇ. ಸಣ್ಣ ತೂತುಗಳಿಂದ ಕ್ಯಾಮೆರಾ ಒಳಗೆ ಹೋಯಿತು, ಸಲೈನ್‌ನಿಂದ ಉಬ್ಬಿದ ಕೀಲು ಟಿವಿಯಲ್ಲಿ ಕಾಣಿಸಿತು. ಕಂದು ಎಳೆಗಳು ಆರಾಮವಾಗಿ ತೇಲಾಡುತ್ತಿದ್ದವು. ‘ಶೇವರ್’ ಎಂದು ಡಾಕ್ಟರು ಕೈಚಾಚಿದರು. ಹೊರಗಿನ ಕ್ಷೌರ ವಾರ್ಡ್‌ಬಾಯ್‌ದು, ಒಳಗಿನದು ಡಾಕ್ಟರದು ಎಂದು ಆಗ ಅರ್ಥವಾಯಿತು. ಮಂಡಿಯ ಹಿಂಭಾಗಕ್ಕೂ ಹಬ್ಬಿತ್ತು. ಅಲ್ಲಿ ಚೂರು ಉಳಿದರೂ ಮತ್ತೆ ಬೆಳೆಯುವ ಜಾತಿ. ‘ಆ ಮೂಲೆಯಲ್ಲಿ ಸ್ವಲ್ಪ ಉಳಿದಿದೆ ಸಾರ್’ ಎಂದು ಮಲಗಿದಲ್ಲಿಂದಲೇ ತೋರಿಸಿಕೊಟ್ಟೆ. ಡಾಕ್ಟರು ಅರಿವಳಿಕೆಯವರ ಕಡೆ ತಿರುಗಿ, ‘ಇವರಿಗೆ ಸ್ವಲ್ಪ ನಿದ್ದೆ ಕೊಡಿ’ ಎಂದರು.

ಎಚ್ಚರವಾದಾಗ ಹೆಂಡತಿ ಕೈಯಲ್ಲಿ ಲ್ಯಾಬಿಗೆ ಒಯ್ಯಬೇಕಾದ ಡಬ್ಬಿ. ಒಳಗೆ ಹಿಂಡಿದ ಹುಣಸೆಹಣ್ಣಿನಂಥದ್ದು. ಅವಳು ಆ ವಾರವಿಡೀ ನಿಂಬೆಹಣ್ಣಿನ ಸಾರೇ ಮಾಡಿದಳು.

ಮನೆಗೆ ಬಂದ ಮೇಲೆ ಶುರುವಾಯಿತು ಅಸಲಿ ಕಷ್ಟ. ನೋಡಲು ಬಂದವರಿಗೆ ತೋರಿಸೋಣವೆಂದರೆ ಸೊಳ್ಳೆ ಕಚ್ಚಿದಷ್ಟು ಗುರುತು. ‘ಇಷ್ಟೇನಾ?’ ಎಂದು ಪಕ್ಕದ್ಮನೆ ರಾಯರು ತಮ್ಮ ಪಂಚೆ ಎತ್ತಿ ಹಳೇ ಕಾಲದ ಗೇಣುದ್ದದ ಹೊಲಿಗೆ ತೋರಿಸಿದರು. ಫಿಸಿಯೋಥೆರಪಿಯ ಹುಡುಗಿ ಕಾಲು ನೆಟ್ಟಗೆ ಎತ್ತಿ ಎಂದಾಗ ಎದ್ದದ್ದು ನನ್ನ ಹುಬ್ಬು ಮಾತ್ರ. ಅದನ್ನೂ ರಾಯರು ನೋಡಿದರು.

ಮಾನ ಉಳಿಸಿಕೊಳ್ಳಲು ಇತಿಹಾಸ ಬಿಚ್ಚಿದೆ. ‘ಇದು ಸಾಮಾನ್ಯ ವಿದ್ಯೆಯಲ್ಲ ರಾಯರೇ. 1918ರಲ್ಲಿ ಜಪಾನಿನ ಕೆಂಜಿ ತಕಾಗಿ, ಮೂತ್ರಕೋಶ ನೋಡುವ ಸಲಕರಣೆಯನ್ನು ಹೆಣದ ಮಂಡಿಗೆ ತೂರಿಸಿ ನೋಡಿದರು. ಅಲ್ಲಿಂದ ಇಲ್ಲಿಗೆ ಬಂದಿದೆ.’

ರಾಯರಿಗೆ ಕಿವಿ ಮಂದ. ಮೂತ್ರಕೋಶದವರೆಗೆ ಕೇಳಿಸಿಕೊಂಡು ಎದ್ದು ಹೋದರು.

ಮರುದಿನದಿಂದ ಬೀದಿಯೇ ಬಾರ್ಲಿ ನೀರು ಹಿಡಿದು ಬಂತು. ಟೊಮ್ಯಾಟೊ ಬೀಜ ತಿನ್ನಬೇಡಿ, ಬಾಳೆದಿಂಡಿನ ರಸ ಬಿಡಬೇಡಿ. ಮಂಡಿಗೆ ಸಿಗದ ಮರ್ಯಾದೆಯೆಲ್ಲ ಮೂತ್ರಕೋಶದಲ್ಲಿ ಇಲ್ಲದ ಕಲ್ಲಿಗೆ ಸಿಕ್ಕಿತು. ಕೊನೆಗೆ ರಾಯರೇ ಪಕ್ಕದಲ್ಲಿ ಕೂತು, ‘ನಿಮ್ಮದು ಎಷ್ಟು ಎಂಎಂ ಇತ್ತು?’ ಎಂದು ವಿನಯದಿಂದ ಕೇಳಿದರು.

ಮಂಡಿಯೊಳಗೆ ಹೋದ ಕ್ಯಾಮೆರಾ ಕೊಳವೆಯ ದಪ್ಪ ನೆನಪಿತ್ತು. ‘ನಾಲ್ಕು’ ಎಂದೆ.

‘ಅಬ್ಬಾ!’ ಎಂದು ರಾಯರು ಪಂಚೆ ಕೆಳಗಿಳಿಸಿಕೊಂಡರು.