ಜೀರ್ಣ ಡೀಸೆಲ್ ಕಾರಿನ ಪ್ರಮಾಣ ಮೀಮಾಂಸೆ

ಹಳೆಯ ಕಾರಿನ ಬೆಲೆ ಇರುವುದು ಕಾರಿನಲ್ಲೋ, ಕೊಳ್ಳುವವನ ಕಣ್ಣಿನಲ್ಲೋ, ಇಬ್ಬರ ನಡುವೆ ಕಮಿಷನ್ನಿಗಾಗಿ ನಿಂತ ಬ್ರೋಕರನ ಬಾಯಲ್ಲೋ ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಎತ್ತಲಿಲ್ಲ. ಅವರ ರಥಗಳಿಗೆ ಆರ್‌ಸಿ ಇರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟಿದೆ ಈ ಪ್ರಬಂಧ. ವಿಚಾರಕ್ಕೆ ತೆಗೆದುಕೊಂಡ ವಸ್ತು ನನ್ನದೇ 2012ರ ಸ್ವಿಫ್ಟ್ ಡೀಸೆಲ್: ಬಿಳಿ ಬಣ್ಣ, ಸಿಂಗಲ್ ಓನರ್, 1,18,000 ಕಿ.ಮೀ. ವಿಚಾರ ನಡೆದದ್ದು ಮೂರು ಭಾನುವಾರ, ಮನೆಯ ಗೇಟಿನ ಮುಂದೆ.

ಮೊದಲು ವಸ್ತುಸ್ವರೂಪ. 1,248 ಸಿಸಿಯ ಈ ಎಂಜಿನ್ನಿನ ಗೋತ್ರ ಇಟಲಿಯ ಫಿಯಟ್. ಲೈಸೆನ್ಸ್ ಪಡೆದು ಮಾನೇಸರದಲ್ಲಿ ಮಾಡಿದ್ದು. ಡಿಜೈರ್, ರಿಟ್ಜ್, ಪುಂಟೋ, ಲೀನಿಯಾ, ಇಂಡಿಕಾ ವಿಸ್ಟಾ, ಎಲ್ಲದರ ಬಾನೆಟ್ಟಿನ ಕೆಳಗೂ ಇದರ ಒಡಹುಟ್ಟೇ ಇತ್ತು. ನಾಮರೂಪ ಬೇರೆ, ಒಳಗಿನ ಟಕಟಕ ಒಂದೇ. ಶೃಂಗೇರಿಯವರು ಕೇಳಿದರೆ ಮೆಚ್ಚಬಹುದಾದ ಉದಾಹರಣೆ. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಪಕ್ಕಾ ಉಡುಪಿಯ ಸಿದ್ಧಾಂತದ್ದು. ಭೇದವನ್ನೂ ತಾರತಮ್ಯವನ್ನೂ ಚಾಚೂ ತಪ್ಪದೆ ಪಾಲಿಸುತ್ತದೆ. ಎದೆಬಡಿತ ಒಂದೇ ಆದರೂ ಲೀನಿಯಾಕ್ಕೆ ಸ್ವಿಫ್ಟಿನ ರೇಟು ಹುಟ್ಟುವುದಿಲ್ಲ. ಹೀಗಾಗಿ ಉಪಮಾನ ಪ್ರಮಾಣ ಗೇಟು ದಾಟುವ ಮೊದಲೇ ಬಿದ್ದುಹೋಯಿತು.

ಪ್ರತ್ಯಕ್ಷದ ಗತಿಯೂ ಅಷ್ಟೇ. ನಾನು ಎರಡು ಗಂಟೆ ಕೂತು ಹೊಡೆದ ಪಾಲಿಶ್ ಕಡೆಗೆ ಬ್ರೋಕರ್ ತಿರುಗಿಯೂ ನೋಡಲಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳನ್ನು ಹೆಬ್ಬೆರಳಲ್ಲಿ ಸವರಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯ ಮಣ್ಣು ಒರೆಸಿ ನಾಲ್ಕು ಅಂಕಿ ಓದಿದ: 2319. ಅಂದರೆ 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. “ಸಾರ್, ಟೈರ್ ಬಟನ್ ಚೆನ್ನಾಗಿದೆ, ಆದ್ರೆ ಜಾತಕ ಸರಿಯಿಲ್ಲ,” ಅಂದ.

ಇನ್ನು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಶತಮಾನಗಳ ಕಾಲ ಒಂದೇ ಹೊಗೆಯನ್ನು ಹಿಡಿದು ವಾದಿಸಿದರು. ಅವರು ಡೀಸೆಲ್ ಗಾಡಿಯ ಹಿಂದೆ ನಿಂತಿರಲಿಲ್ಲ. ಇಲ್ಲಿ ಹೊಗೆ ಮೂರು ವಿಧ. ಕಪ್ಪಾಗಿದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಜೆಕ್ಟರ್ ಹೆಚ್ಚು ಸುರಿಯುತ್ತಿದೆ. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗೋ ಟರ್ಬೋನೋ ಕೈಕೊಟ್ಟಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು, ಹೆಡ್ ಬಿಚ್ಚಲು ದುಡ್ಡು ಎತ್ತಿಡಿ. ನನ್ನ ಗಾಡಿ ಯಾವ ಹೊಗೆಯನ್ನೂ ಬಿಡಲಿಲ್ಲ. ಕೊಳ್ಳಲು ಬಂದ ಪಾರ್ಟಿಯವರು ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದು ನೋಡಿದರು. ಅಲ್ಲೂ ಆವಿ ಉಗುಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಆಗ ಪಾರ್ಟಿಯವರ ಭಾವಮೈದುನ ಬಾನೆಟ್ಟಿನ ಮೇಲೆ ಕೈಯಿಟ್ಟ. ಬೆಳಿಗ್ಗೆ ಸೊಪ್ಪು ತರಲು ಹೋಗಿದ್ದೆ, ಬಾನೆಟ್ ಬೆಚ್ಚಗಿತ್ತು. “ನಾವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದ್ದೀರಾ?” ಅಂದ, ಬಹಳ ಮೆತ್ತಗೆ. ನ್ಯಾಯಶಾಸ್ತ್ರದ ಅನುಮಾನಕ್ಕೂ ನಮ್ಮ ಆಡುಮಾತಿನ ಅನುಮಾನಕ್ಕೂ ಇರುವ ದೂರ ಒಂದು ಕಟ್ಟು ದಂಟಿನ ಸೊಪ್ಪಿನಷ್ಟು ಎಂಬುದು ಅಲ್ಲಿ ಸಿದ್ಧವಾಯಿತು. ಅಷ್ಟು ಸಾಲದೆಂಬಂತೆ ಡಿಪ್‌ಸ್ಟಿಕ್ ಎಳೆದು, ಆಯಿಲ್ ಕಪ್ಪಗಿದೆ ಎಂದು ಪರಸ್ಪರ ಮುಖ ನೋಡಿಕೊಂಡರು. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿದರೂ ಕೆಲವೇ ದಿನದಲ್ಲಿ ಮಸಿಯಾಗುತ್ತದೆ. ಪೆಟ್ರೋಲ್ ಸಂಪ್ರದಾಯದವರಿಗೆ ಇದನ್ನು ಒಪ್ಪಿಸುವುದು ಮತಾಂತರದಷ್ಟೇ ಕಷ್ಟ.

ಅರ್ಥಾಪತ್ತಿಗೆ ಮೀಮಾಂಸಕರು ಕೊಡುವ ಉದಾಹರಣೆ ದಪ್ಪಗಿರುವ ದೇವದತ್ತನದು: ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮೀಟರಿನಲ್ಲಿ 60,000, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ನುಣ್ಣಗೆ ಸವೆದಿದೆ ಎಂದರೆ ಆ ಗಾಡಿ ರಾತ್ರಿ ಮೀಟರಿಗೆ ಗೊತ್ತಾಗದಂತೆ ಉಂಡಿದೆ. ಮೀಟರ್ ಹಿಂದಕ್ಕೆ ತಿರುಗಿಸುವವರು ಪೆಡಲಿನ ರಬ್ಬರ್ ಬದಲಿಸಲು ಮರೆಯುವುದು ಶಾಸ್ತ್ರಜ್ಞಾನದ ಕೊರತೆಯಿಂದ.

ಕಾಲದ ವಿಚಾರದಲ್ಲಿ ಎರಡು ಪಕ್ಷಗಳಿವೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಹೊಸದು ಸಿಗದು, ಆದ್ದರಿಂದ ಹಳೆಯದಕ್ಕೆ ಬೆಲೆ ಏರಬೇಕು: ಇದು ಪೂರ್ವಪಕ್ಷ, ಅರ್ಥಾತ್ ನಾನು. ಹೊಸದು ಬರದು, ನಾಳೆ ಸ್ಪೇರ್ ಯಾರು ಕೊಡುತ್ತಾರೆ, ಆದ್ದರಿಂದ ಇಳಿಯಬೇಕು: ಇದು ಉತ್ತರಪಕ್ಷ, ಅರ್ಥಾತ್ ದುಡ್ಡಿರುವವರು. 2027ಕ್ಕೆ ಗಾಡಿಗೆ 15 ತುಂಬುತ್ತದೆ. ಆಮೇಲೆ ಎಫ್‌ಸಿ, ಹಸಿರು ತೆರಿಗೆ, ಐದೈದು ವರ್ಷದ ನವೀಕರಣ. ಹಸಿರು ನ್ಯಾಯಮಂಡಳಿ 2015ರಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದಿಲ್ಲಿಯ ರಸ್ತೆಯಿಂದ ಇಳಿಸಲು ಹೇಳಿದ ಮೇಲೆ ಅಲ್ಲಿಯವು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬಂದು ಇಲ್ಲಿಯ ಮಾನವನ್ನೂ ಕಳೆದಿವೆ. ಇನ್ಶೂರೆನ್ಸಿನ ಐಡಿವಿಯನ್ನು ಸಾಕ್ಷಿಗೆ ಕರೆದೆ. ಐದು ವರ್ಷದವರೆಗೆ ಅದಕ್ಕೊಂದು ಸವಕಳಿ ಪಟ್ಟಿಯಿದೆ. ಅದರ ಆಚೆಗೆ ಕಂಪನಿ ಮತ್ತು ಮಾಲೀಕ ಪರಸ್ಪರ ಒಪ್ಪಿದ್ದೇ ಬೆಲೆ. ಬ್ರೋಕರ್ ನಕ್ಕ. “ಹಂಗಾದ್ರೆ ಅವ್ರಿಗೇ ಮಾರ್ಬಿಡಿ ಸಾರ್.”

ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ಮೂರನೆಯ ಭಾನುವಾರ ನನ್ನ ಬ್ರಹ್ಮಾಸ್ತ್ರ ತೆಗೆದೆ: ಮೊದಲ ಫ್ರೀ ಸರ್ವೀಸಿನಿಂದ ಮೊನ್ನೆಯ ಡೀಸೆಲ್ ಫಿಲ್ಟರ್‌ವರೆಗೆ ಪ್ರತಿಯೊಂದು ಬಿಲ್ಲನ್ನೂ ತಾರೀಖಿನ ಪ್ರಕಾರ ಪಂಚ್ ಮಾಡಿ ಇಟ್ಟ ಫೈಲು. ನೀಲಿ ರಟ್ಟು, ಬಿಳಿ ಲಾಡಿ. ಬಂದಿದ್ದ ಹಿರಿಯರು ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಮಧ್ಯೆ ಎರಡು ಸಲ ಬೆರಳಿಗೆ ಉಗುಳು ಹಚ್ಚಿಕೊಂಡರು. ಕೊನೆಯ ಹಾಳೆ ಮುಗಿಸಿ, ಲಾಡಿ ಕಟ್ಟಿ, ಫೈಲಿನ ತೂಕ ನೋಡುವವರಂತೆ ಕೈಯಲ್ಲಿ ಎತ್ತಿ ಹಿಡಿದು, ನಿಜವಾದ ಕನಿಕರದಿಂದ ಕೇಳಿದರು:

“ಪಾಪ, ಇಷ್ಟೊಂದು ರಿಪೇರಿಗೆ ಬರ್ತಿತ್ತೇನ್ರೀ ಈ ಗಾಡಿ?”